ಬಿಶ್ಕೆಕ್‌ನಲ್ಲಿ ಎಂಬಿಬಿಎಸ್ ನಾಲ್ಕನೇ ವರ್ಷ ಮುಗೀತು, ವಾರ್ಡಲ್ಲಿ ರೋಗಿ ಹೇಳೋದೇ ಅರ್ಥ ಆಗಲ್ಲ. ರಜಕ್ಕೆ ದಾವಣಗೆರೆಗೆ ಬಂದಿದೀನಿ, ಏನ್ ಮಾಡ್ಲಿ?

ವಿನೋಬನಗರ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಂದು ದಾವಣಗೆರೆ. 2022ರ ಕೊನೇಲಿ ಕಿರ್ಗಿಸ್ತಾನದ ಬಿಶ್ಕೆಕ್‌ಗೆ ಎಂಬಿಬಿಎಸ್ ಓದೋಕೆ ಹೋದೆ, ಈಗ ನಾಲ್ಕನೇ ವರ್ಷ ಮುಗೀತು, ಬೇಸಿಗೆ ರಜಕ್ಕೆ ಊರಿಗೆ ಬಂದು ಹತ್ತು ದಿನ ಆಯ್ತು. ಅಪ್ಪ ಎಪಿಎಂಸಿಲಿ ಮೆಕ್ಕೆಜೋಳದ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ನೀಟ್‌ನಲ್ಲಿ ಕ್ವಾಲಿಫೈ ಆಗಿದ್ದೆ ಆದ್ರೆ ಸರ್ಕಾರಿ ಸೀಟು ಸಿಗೋ ರ‍್ಯಾಂಕ್ ಅಲ್ಲ, ಇಲ್ಲಿ ಪ್ರೈವೇಟ್ ಸೀಟಿನ ಫೀಸು ಕೇಳ್ಕೊಂಡು ಬಂದ ದಿನ ಅಪ್ಪ ರಾತ್ರಿ ಊಟಕ್ಕೇ ಏಳ್ಲಿಲ್ಲ, ಕೊನೆಗೆ ಒಬ್ಬ ಏಜೆಂಟ್ ಹೇಳಿದ ಅಂತ ಅಲ್ಲಿಗೆ ಹೋಗಿದ್ದು.

ಮೊದಲ ಎರಡು ವರ್ಷ ಎಲ್ಲ ಇಂಗ್ಲಿಷ್‌ನಲ್ಲೇ ಇತ್ತು, ಅನಾಟಮಿ ಫಿಸಿಯಾಲಜಿ ಎಲ್ಲ ಪುಸ್ತಕ ಓದಿ ಬರ್ಯೋದು, ಕಷ್ಟ ಅನ್ನಿಸ್ಲಿಲ್ಲ. ಮೂರನೇ ವರ್ಷದಿಂದ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು. ಬೆಳಿಗ್ಗೆ ಇನ್ನೂ ಕತ್ತಲೆ ಇರುವಾಗ್ಲೇ ಎದ್ದು, ಅಲ್ಲಿ ಮಾರ್ಶ್ರುತ್ಕಾ ಅಂತ ಮಿನಿಬಸ್, ಅದ್ರಲ್ಲಿ ನಿಂತ್ಕೊಂಡೇ ಹೋಗಿ, ಆಸ್ಪತ್ರೆ ಬಾಗಿಲಲ್ಲಿ ಜಾಕೆಟ್ ಬಿಚ್ಚಿ ಕೊಟ್ಟು, ಶೂ ಮೇಲೆ ನೀಲಿ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು, ಬಿಳಿ ಕೋಟು ಬಿಳಿ ಟೋಪಿ ಹಾಕಿ 12 ಜನ ಒಂದು ಮಂಚದ ಸುತ್ತ ನಿಲ್ಲೋದು. ಮೇಡಂ ರೋಗಿ ಹತ್ರ ರಷ್ಯನ್‌ನಲ್ಲೋ ಕಿರ್ಗಿಜ್‌ನಲ್ಲೋ ಮಾತಾಡ್ತಾರೆ, ಆಮೇಲೆ ನಮ್ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ ಎರಡು ಸಾಲು ಹೇಳ್ತಾರೆ. ರೋಗಿ ಹತ್ತು ನಿಮಿಷ ಹೇಳ್ಕೊಂಡಿದ್ದು ನಮಗೆ ಬಂದು ಮುಟ್ಟೋ ಹೊತ್ತಿಗೆ ಹೊಟ್ಟೆ ನೋವು, ಮೂರು ದಿನದಿಂದ, ಅಷ್ಟೇ ಆಗಿರುತ್ತೆ. ಕೆಲವು ರೋಗಿಗಳು ನಮ್ಮನ್ನ ನೋಡಿದ ತಕ್ಷಣ ಗೋಡೆ ಕಡೆ ತಿರುಗಿ ಮಲಗ್ತಾರೆ. ಅವರನ್ನೂ ತಪ್ಪು ಅನ್ನೋಕಾಗಲ್ಲ, ಹುಷಾರಿಲ್ಲದೆ ಮಲಗಿರುವಾಗ ಭಾಷೆ ಬರದ 12 ಜನ ಬಂದು ಸುತ್ತ ನಿಂತ್ರೆ ಯಾರಿಗೆ ತಾನೆ ಹಿತ ಆಗುತ್ತೆ.

ಒಂದು ವಿಷಯ ಹೇಳ್ಕೊಳ್ಬೇಕು, ಇದನ್ನ ಮನೇಲೂ ಹೇಳಿಲ್ಲ. ಮೂರನೇ ವರ್ಷದ ಚಳಿಗಾಲ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಇದ್ರು, ತಲೆಗೆ ಹೂವಿನ ಸ್ಕಾರ್ಫ್ ಕಟ್ಕೊಂಡು, ನಮ್ಮಜ್ಜಿ ಸೆರಗು ಹೊದ್ಕೊಂಡಂಗೇ ಕಾಣೋರು. ರೌಂಡ್ಸ್ ಮುಂದಿನ ಮಂಚಕ್ಕೆ ಹೋಯ್ತು, ನಾನು ಹಿಂದೆ ಉಳಿದಿದ್ದೆ, ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡು "ನಗಾ, ನಗಾ" ಅಂದ್ರು. ನಮ್ಮ ಕನ್ನಡದ ನಗು ಅನ್ನೋ ಥರಾನೇ ಕೇಳಿಸ್ತು ನನ್ನ ಕಿವಿಗೆ. ನಾನು ನಕ್ಕೆ. ನಕ್ಕು "ದಾ, ದಾ" ಅಂದೆ, ಅಂದ್ರೆ ಹೌದು ಹೌದು ಅಂತ. ಅವರು ನನ್ನ ಮುಖಾನೇ ಸ್ವಲ್ಪ ಹೊತ್ತು ನೋಡಿ ಕೈ ಬಿಟ್ರು. ಸಾಯಂಕಾಲ ಡ್ಯೂಟಿ ಡಾಕ್ಟರ್ ನೋಡಿದಾಗ ಒಂದು ಕಾಲಿನ ಮೀನಖಂಡ ಊದಿ ಬಿಗಿದುಕೊಂಡಿತ್ತಂತೆ, ರಕ್ತ ಹೆಪ್ಪುಗಟ್ಟಿ ಅದರ ಚೂರು ಶ್ವಾಸಕೋಶಕ್ಕೆ ಹೋಗಿ ಉಸಿರಾಟ ಕಷ್ಟ ಆಗಿತ್ತು, ಐಸಿಯುಗೆ ಹಾಕಿದ್ರು. ನಗಾ ಅಂದ್ರೆ ರಷ್ಯನ್‌ನಲ್ಲಿ ಕಾಲು. ಆ ಪದ ನಂಗೆ ಗೊತ್ತಿತ್ತು, ಮೊದಲ ವರ್ಷದ ರಷ್ಯನ್ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದೀನಿ, ಆದ್ರೆ ಒಬ್ಬ ಮನುಷ್ಯರ ಬಾಯಿಂದ ಬಂದಾಗ ಕಿವಿಗೆ ಹತ್ತಲಿಲ್ಲ. ಅಜ್ಜಿ ಬದುಕಿದ್ರು, ಮೂರು ವಾರ ಆದ್ಮೇಲೆ ಮನೆಗೂ ಹೋದ್ರು. ಆದ್ರೂ ಅವತ್ತು ಬೆಳಿಗ್ಗೆ ನಾನು ಹೊದಿಕೆ ಸರಿಸಿ ಕಾಲು ನೋಡಿದ್ರೆ ಎಂಟು ಗಂಟೆ ಮುಂಚೆ ಗೊತ್ತಾಗ್ತಿತ್ತು ಅನ್ನೋದು ತಲೆಯಿಂದ ಹೋಗ್ತಾ ಇಲ್ಲ.

ನನ್ನ ಜೊತೆ ಇರೋರು ಸುಮಾರು ಜನ ಈಗ ವಾರ್ಡಿಗೆ ಬರೋದೇ ಬಿಟ್ಟಿದಾರೆ, ಅಟೆಂಡೆನ್ಸ್ ಹಾಕಿಸ್ಕೊಂಡು ಹಾಸ್ಟೆಲ್‌ಗೆ ಹೋಗಿ ಇಂಡಿಯಾದ ಕೋಚಿಂಗ್ ವಿಡಿಯೋ ನೋಡ್ತಾರೆ, ಹೇಗಿದ್ರೂ ಎಫ್‌ಎಂಜಿಇ, ಅಂದ್ರೆ ಹೊರದೇಶದಲ್ಲಿ ಓದಿ ಬಂದೋರಿಗೆ ಇಲ್ಲಿಡೋ ಪರೀಕ್ಷೆ, ಪಾಸಾದ್ರೆ ತಾನೆ ಡಾಕ್ಟರ್ ಅಂತಾರೆ. ಅವರು ಹೇಳೋದೂ ಸುಳ್ಳಲ್ಲ. ನನ್ನ ಪ್ರಶ್ನೆ ಇಷ್ಟು: ಈ ರಜದಲ್ಲಿ ಇನ್ನೂ ಆರು ವಾರ ಇದೆ, ದಾವಣಗೆರೆಲಿ ಯಾವ್ದಾದ್ರೂ ಆಸ್ಪತ್ರೆ ವಾರ್ಡಲ್ಲಿ ನಿಂತು ನೋಡೋಕೆ ಬಿಡ್ತಾರಾ, ಯಾರನ್ನ ಕೇಳ್ಬೇಕು, ಅದು ಮುಂದೆ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರುತ್ತಾ. ಇಲ್ಲಾ ನಾನೂ ಮನೇಲಿ ಕೂತು ಎಂಸಿಕ್ಯೂ, ಅಂದ್ರೆ ಸರಿ ಉತ್ತರ ಆರಿಸೋ ಪ್ರಶ್ನೆ, ಮಾಡೋದೇ ವಾಸಿನಾ. ಮತ್ತೆ ಹೊರಗಡೆ ಓದಿ ಬಂದು ಇಲ್ಲಿ ಕೆಲಸ ಮಾಡ್ತಿರೋರು ಯಾರಾದ್ರೂ ಇದ್ರೆ, ನಿಮಗೂ ಹೀಗೇ ಆಗಿತ್ತಾ, ದಯವಿಟ್ಟು ಹೇಳಿ.


ಚಳ್ಳಕೆರೆ_ಡ್ಯೂಟಿಡಾಕ್ಟ್ರು

ತಂಗಿ, ನಿನ್ನ ಪೋಸ್ಟ್ ನೈಟ್ ಡ್ಯೂಟಿಲಿ ಕೂತು ಎರಡು ಸಲ ಓದ್ದೆ. ನಾನೂ ಬಿಶ್ಕೆಕ್‌ನಾಗೇ ಓದಿದ್ದು, 2013ರಾಗೆ ಹೋಗಿ 2019ಕ್ಕೆ ಮುಗಿಸ್ಕಂಡು ಬಂದೆ, ಎಫ್‌ಎಂಜಿಇ ಮೂರನೇ ಸಲಕ್ಕೆ ಆಯ್ತು, ಆಮೇಲೆ ಇಲ್ಲೇ ಒಂದು ಜಿಲ್ಲಾ ಆಸ್ಪತ್ರೇಲಿ ಇಂಟರ್ನ್‌ಶಿಪ್ ಮಾಡಿ ಈಗ ಡ್ಯೂಟಿ ಡಾಕ್ಟರ್ ಆಗಿದೀನಿ.

ಮೊದ್ಲು ಲೆಕ್ಕದ ಮಾತು ಮುಗಿಸಿಬಿಡ್ತೀನಿ. ನೀನು ಸೇರಿದ್ದು 2021ರ ನವೆಂಬರ್ 18ರ ನಂತರ ಆಗಿರೋದ್ರಿಂದ ಎನ್‌ಎಂಸಿ, ಅಂದ್ರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮ ಪೂರ್ತಿ ನಿಂಗೆ ಅನ್ವಯ ಆಗುತ್ತೆ. ಕೋರ್ಸ್ 54 ತಿಂಗಳಿಗೆ ಕಮ್ಮಿ ಇರಬಾರ್ದು, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗ್ಬೇಕು, ಇಲ್ಲಿಗೆ ಬಂದು ಪರೀಕ್ಷೆ ಪಾಸಾದ್ಮೇಲೆ ಮತ್ತೆ 12 ತಿಂಗಳು, ಎಲ್ಲಾ ಸೇರಿದ ದಿನದಿಂದ 10 ವರ್ಷದೊಳಗೆ ಮುಗೀಬೇಕು. ಓದಿನ ಯಾವ ಭಾಗಾನೂ, ಇಂಟರ್ನ್‌ಶಿಪ್ಪೂ ಸೇರಿ, ಆ ದೇಶ ಬಿಟ್ಟು ಬೇರೆ ಕಡೆ ಮಾಡಿದ್ರೆ ನಡಿಯಲ್ಲ. ಅಂದ್ಮೇಲೆ ರಜದಾಗೆ ಇಲ್ಲಿ ನಿಂತ್ಕಂಡಿದ್ದು ಕಾಗದದ ಮೇಲೆ ಒಂದು ದಿನಕ್ಕೂ ಲೆಕ್ಕ ಇಲ್ಲ. ಸರ್ಟಿಫಿಕೇಟ್ ಕೊಡಿಸ್ತೀವಿ ಇಷ್ಟು ದುಡ್ಡು ಕೊಡಿ ಅಂತ ಯಾರಾದ್ರೂ ಬಂದ್ರೆ ಒಂದು ರೂಪಾಯಿನೂ ಕೊಡಬೇಡ.

ಲೆಕ್ಕಕ್ಕೆ ಬರಲ್ಲ ಅಂತ ಹೋಗದೇ ಇರಬೇಡ ಮತ್ತೆ. ನಂದು ಹೇಳ್ತೀನಿ ಕೇಳು. ಇಂಟರ್ನ್‌ಶಿಪ್ಪಿನ ಮೊದಲ ರಾತ್ರಿ, ಹನ್ನೊಂದು ಗಂಟೆ ಇರಬೇಕು, ಹೊಲಕ್ಕೆ ಔಷಧಿ ಹೊಡ್ಯೋಕೆ ಹೋಗಿದ್ದ ಒಬ್ಬ ಹುಡುಗನ್ನ ಟಾಟಾ ಏಸ್‌ನಾಗೆ ಹಾಕ್ಕಂಡು ಬಂದ್ರು, ಗಾಳಿಗೆ ಎದುರಾಗಿ ಸಂಜೆತನಕ ಹೊಡೆದಿದಾನೆ, ಅಂಗಿನೂ ಇಲ್ಲ. ಬಾಯಾಗೆ ನೊರೆ, ಎದೆಯೊಳಗೆ ಗೊರಗೊರ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆ ಅಷ್ಟು ಸಣ್ಣ ಆಗಿತ್ತು. ಆರ್ಗನೋಫಾಸ್ಫರಸ್ ಅನ್ನೋ ಕೀಟನಾಶಕದ ವಿಷ ಅಂತ ಪುಸ್ತಕದಾಗೆ ಓದಿದ್ದೆ, ಅದಕ್ಕೆ ಔಷಧಿ ಅಟ್ರೋಪಿನ್ ಅಂತ ಎಂಸಿಕ್ಯೂಗೆ ಟಿಕ್ ಹಾಕಿದ್ದೆ. ಆರು ವರ್ಷದಾಗೆ ಬಿಶ್ಕೆಕ್‌ನಲ್ಲಿ ಅಂಥ ಒಂದು ಕೇಸೂ ನೋಡಿರ್ಲಿಲ್ಲ. ಸಿಸ್ಟರ್ ಒಬ್ರು ನನ್ನ ಪಕ್ಕಕ್ಕೆ ಸರಿಸಿ ಆ ಹುಡುಗನ ಪ್ಯಾಂಟು ಬಿಚ್ಚಿ ಮೈ ತೊಳ್ಯೋಕೆ ಹೇಳಿ, ಅಟ್ರೋಪಿನ್ ಒಡೆದು ಒಡೆದು ಕೊಡ್ತಾ ಹೋದ್ರು, ಡ್ಯೂಟಿ ಡಾಕ್ಟ್ರು ಪ್ರತಿ ಐದು ನಿಮಿಷಕ್ಕೆ ಎದೆ ಮೇಲೆ ಸ್ಟೆತ್ ಇಟ್ಟು ಇನ್ನೂ ನೀರೈತೆ ಇನ್ನೂ ಕೊಡಿ ಅನ್ನೋರು. ಎದೆ ಒಣಗೋ ತನಕ ಕೊಡಬೇಕು ಅನ್ನೋದು ಅವತ್ತು ಕಿವಿಯಿಂದ ಕಲ್ತೆ ನಾನು. ಬೆಳಗಿನ ಜಾವ ಅವನು ನೀರು ಕೇಳ್ದ.

ಹಂಗಂತ ಅಲ್ಲಿ ಕಲ್ತಿದ್ದು ವೇಸ್ಟ್ ಅಂತ ತಿಳ್ಕೋಬೇಡ, ಇದನ್ನ ನಿಂಗೆ ಹೇಳಲೇಬೇಕು ಅಂತಲೇ ಇಷ್ಟು ಬರೀತಿರೋದು. ಬಿಶ್ಕೆಕ್‌ನಾಗೆ ಸಾಂಕ್ರಾಮಿಕ ರೋಗದ ಆಸ್ಪತ್ರೇಲಿ ನಮ್ಮ ಪೋಸ್ಟಿಂಗ್ ಇತ್ತು. ಅಲ್ಲಿ ಬ್ರುಸೆಲ್ಲೋಸಿಸ್, ಅಂದ್ರೆ ಕುರಿ ದನದಿಂದ ಮನುಷ್ಯರಿಗೆ ಬರೋ ಜ್ವರದ ರೋಗ, ತುಂಬಾ, ಕುರಿ ಸಾಕೋ ದೇಶ ಅಲ್ವಾ. ಅಲ್ಲಿಯ ನಾರಿನ್ ಪ್ರಾಂತ್ಯದ ಕಡೆಯ ಒಬ್ಬ ಕುರಿಗಾಹಿ ಮಲಗಿದ್ದ, ಮುಖ ಬಿಸಿಲಿಗೆ ಸುಟ್ಟು ತಾಮ್ರ ಆದಂಗೆ ಆಗಿತ್ತು. ನಮ್ಮ ಟೀಚರ್ ವಯಸ್ಸಾದವ್ರು, ಸೋವಿಯತ್ ಕಾಲದಾಗೆ ಓದಿದವ್ರು, ರಿಪೋರ್ಟ್ ತೋರಿಸೋರೇ ಅಲ್ಲ, ಹೋಗಿ ಕೇಳ್ಕಂಡು ಬಾ ಅನ್ನೋರು. ಏನೇನ್ ಕೇಳ್ಬೇಕು ಅಂತ ಬಾಯಿಪಾಠ ಮಾಡ್ಸಿದ್ರು: ಜ್ವರ ಸಾಯಂಕಾಲ ಏರುತ್ತಾ, ರಾತ್ರಿ ಬಟ್ಟೆ ನೆನೆಯಂಗೆ ಬೆವರ್ತೀಯಾ, ಸೊಂಟ ನೋಯುತ್ತಾ, ಈ ಸಲ ಮರಿ ಹಾಕ್ಸಿದ್ದು ಯಾರು, ಕೈಗೆ ಗ್ಲೌಸ್ ಇತ್ತಾ, ಹಾಲು ಕಾಸಿ ಕುಡಿದ್ಯಾ ಹಸಿದಾ. ನನ್ನ ರಷ್ಯನ್ ಕೇಳಿ ಅವನು ಎರಡು ಸಲ ತಿದ್ದಿದ, ಮೂರನೇ ಸಲಕ್ಕೆ ತಾನೇ ಕೈಯಾಗೆ ಮಾಡಿ ತೋರಿಸ್ದ, ಕುರಿ ಹೊಟ್ಟೆಯೊಳಗೆ ಕೈ ಹಾಕಿ ಮರಿ ಎಳೆಯೋದು ಹೆಂಗೆ ಅಂತ.

ಅದಾಗಿ ಎಷ್ಟೋ ವರ್ಷ. ಇಂಟರ್ನ್‌ಶಿಪ್ ಕೊನೇ ಹೊತ್ತಿಗೆ ನಮ್ಮ ಚಳ್ಳಕೆರೆ ಕಡೆಯ ಒಬ್ಬ ಕುರಿ ಕಾಯೋ ಯಜಮಾನ್ರು ಮೆಡಿಸಿನ್ ವಾರ್ಡಿಗೆ ಬಂದ್ರು, ಹೆಗಲ ಮೇಲೆ ಕಂಬಳಿ. ಮೂರು ವಾರದಿಂದ ಜ್ವರ, ಊರಾಗೆ ಟೈಫಾಯ್ಡ್ ಅಂತ ಇಂಜೆಕ್ಷನ್ ಹಾಕಿಸ್ಕಂಡು ಮುಗಿಸಿದಾರೆ, ವಾಸಿ ಆಗಿಲ್ಲ. ಕೂತೋರು ಏಳೋವಾಗ ಸೊಂಟ ಹಿಡ್ಕಂಡು ಏಳ್ತಿದ್ರು. ನನಗೆ ಆ ನಾರಿನ್ ಮನುಷ್ಯನ ಕೈ ನೆನಪಾಯ್ತು. ಕೂತ್ಕಂಡು ಕೇಳ್ದೆ, ಯಜಮಾನ್ರೆ ಈ ಸಲ ಕುರಿ ಏನಾದ್ರೂ ಕಂದು ಹಾಕಿದ್ವಾ, ಅಂದ್ರೆ ದಿನ ತುಂಬೋ ಮೊದ್ಲೇ ಗರ್ಭ ಇಳಿದ್ವಾ ಅಂತ. ಅವರು ಒಂಥರಾ ನನ್ನ ನೋಡಿ, ಆರು ಹಾಕಿದ್ವು ಸ್ವಾಮಿ, ನಾನೇ ಎತ್ತಿ ಹಾಕಿದ್ದು ಅಂದ್ರು. ಸೀನಿಯರ್‌ಗೆ ಹೇಳಿ ಟೆಸ್ಟ್ ಕಳಿಸಿದ್ವಿ, ಬ್ರುಸೆಲ್ಲಾ ಬಂತು. ನಮ್ಮ ವೆಟರ್ನರಿಯವ್ರು ಕಂದು ರೋಗ ಅಂತಾರಲ್ಲ ಅದೇ. ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್, ಆರು ವಾರ. ಟೈಫಾಯ್ಡ್ ಕೋರ್ಸಿಗೆ ಹೋಗೋ ಜ್ವರ ಅಲ್ಲ ಅದು. ಆ ವಾರ್ಡಿನಾಗೆ ಇಲ್ಲೇ ಓದಿದ ನನಗಿಂತ ಬುದ್ಧಿವಂತ ಹುಡುಗ್ರು ಇದ್ರು, ಆದ್ರೆ ಕುರಿ ಬಗ್ಗೆ ಕೇಳೋದು ನನಗೆ ಬಂತು, ಯಾಕಂದ್ರೆ ಬಿಶ್ಕೆಕ್‌ನಾಗೆ ಒಬ್ರು ನನ್ನ ಕೈಲಿ ಕೇಳ್ಸಿದ್ರು.

ಅದಕ್ಕೇ ಹೇಳೋದು, ವಾಪಸ್ ಹೋದ್ಮೇಲೆ ವಾರ್ಡ್ ತಪ್ಪಿಸ್ಬೇಡ. ಅಲ್ಲಿ ಡಾಕ್ಟ್ರುಗಳಿಗೆ ನಮ್ಮ ಜೊತೆ ಮಾತಾಡೋಕೆ ಟೈಮ್ ಇರಲ್ಲ, ಸಾನಿತಾರ್ಕಾ ಅಂತ ವಾರ್ಡು ಒರೆಸೋ ಹೆಂಗಸ್ರು ಇರ್ತಾರಲ್ಲ ಅವರ ಜೊತೆ ಚಾ ಕುಡಿ, ಭಾಷೆ ಅಲ್ಲಿ ಬರುತ್ತೆ. ನಾನು ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೆ, ಒಂದು ಕಡೆ ರಷ್ಯನ್ ಒಂದು ಕಡೆ ಕಿರ್ಗಿಜ್ ಒಂದು ಕಡೆ ಕನ್ನಡ, ಪುಸ್ತಕದ ಪದ ಅಲ್ಲ, ರೋಗಿ ಬಾಯಾಗೆ ಬಂದದ್ದು ಬಂದಂಗೆ. ಗ್ದೆ ಬಲೀತ್ ಅಂದ್ರೆ ಎಲ್ಲಿ ನೋವು. ದಿಶೀತೆ ಅಂದ್ರೆ ಉಸಿರಾಡಿ. ಕಿರ್ಗಿಜ್‌ನಲ್ಲಿ ಅಪಾ ಅಂದ್ರೆ ಅವ್ವ, ವಯಸ್ಸಾದ ಹೆಂಗಸ್ರನ್ನ ಅಪಾ ಅಂತ ಕರೆದು ನೋಡು, ಗೋಡೆ ಕಡೆ ತಿರುಗಿದವ್ರು ಈ ಕಡೆ ತಿರುಗ್ತಾರೆ. ಮತ್ತೆ ಆ ಅಜ್ಜಿ ವಿಷಯ, ನಿನ್ನ ಮೇಲೆ ಒಬ್ಬಳ ಮೇಲೇ ಹಾಕ್ಕೋಬೇಡವ್ವ. ಮೂರನೇ ವರ್ಷದ ಹುಡುಗಿ ನೋಡ್ತಾಳೆ ಅಂತ ಯಾವ ಆಸ್ಪತ್ರೆನೂ ರೋಗೀನ ಬಿಟ್ಟಿರಬಾರ್ದು. ಆದ್ರೆ ಇನ್ಮೇಲೆ ಕೈ ಹಿಡಿದವ್ರ ಹೊದಿಕೆ ಸರಿಸಿ ನೋಡ್ತೀಯಲ್ಲ, ಅದು ಸಾಕು.


ಹೊಸದುರ್ಗ_ಟಿಬಿಲಿಸಿ

ನಾನು ಜಾರ್ಜಿಯಾದಲ್ಲಿ ಐದನೇ ವರ್ಷ. ಡಾಕ್ಟ್ರಣ್ಣ ಹೇಳಿದ್ದು ಚೆನ್ನಾಗಿದೆ ಆದ್ರೆ ನಾನು ಸ್ವಲ್ಪ ಬೇರೆ ಹೇಳ್ತೀನಿ ಕೋಪ ಮಾಡ್ಕೋಬೇಡಿ. ಎಫ್‌ಎಂಜಿಇನಲ್ಲಿ 300 ಪ್ರಶ್ನೆ, 150 ಬರಬೇಕು, ಬರಲಿಲ್ಲ ಅಂದ್ರೆ ನೀವು ವಾರ್ಡಲ್ಲಿ ಎಷ್ಟೇ ನಿಂತಿದ್ರೂ ಇಲ್ಲಿ ಸ್ಟೆತ್ ಹಿಡ್ಯೋಕೆ ಬಿಡಲ್ಲ. ವರ್ಷಕ್ಕೆ ಎರಡೇ ಸಲ, ಜೂನ್ ಡಿಸೆಂಬರ್. ಕೂತ ನೂರು ಜನದಲ್ಲಿ ಪಾಸಾಗೋರು ಎಷ್ಟೋ ಸಲ ಇಪ್ಪತ್ತರ ಆಸುಪಾಸು. ನಮ್ಮೂರಲ್ಲೇ ಒಬ್ಬ ಅಣ್ಣ ಇದಾರೆ, ರೋಗಿಗಳ ಜೊತೆ ಅಷ್ಟು ಚೆನ್ನಾಗಿ ರಷ್ಯನ್ ಮಾತಾಡ್ತಿದ್ರಂತೆ, ಐದು ಸಲ ಬರೆದ್ರು, ಆಗಲಿಲ್ಲ, ಈಗ ಮೆಡಿಕಲ್ ಸ್ಟೋರಿನಲ್ಲಿ ಕೂತಿದಾರೆ, ಮದುವೆ ಮನೆಗಳಿಗೆ ಬರೋದೇ ಬಿಟ್ಟಿದಾರೆ. ಅವರ ಮನೆಯವ್ರು ತೋಟ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ. ಅದನ್ನ ನೋಡಿದ ಮೇಲೆ ನಾನು ದಿನಾ 50 ಎಂಸಿಕ್ಯೂ ಮಾಡ್ದೆ ಮಲಗಲ್ಲ. ಅಕ್ಕ ನೀವು ರಜದಲ್ಲಿ ಆಸ್ಪತ್ರೆಗೆ ಹೋಗಿ ಬೇಡ ಅನ್ನಲ್ಲ, ಆದ್ರೆ ಮಧ್ಯಾಹ್ನದ ಮೇಲೆ ಮನೆಗೆ ಬಂದು ಓದಿ. ಆರು ವಾರ ಕಮ್ಮಿ ಅಲ್ಲ, ಒಂದು ಫಾರ್ಮಕಾಲಜಿ, ಒಂದು ಪಿಎಸ್‌ಎಂ, ಅಂದ್ರೆ ಸಮುದಾಯ ಆರೋಗ್ಯದ ವಿಷಯ, ಪೂರ್ತಿ ಮುಗಿಯುತ್ತೆ. ಪಿಎಸ್‌ಎಂನಲ್ಲಿ ಇಂಡಿಯಾದ ಲಸಿಕೆ ಪಟ್ಟಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕ ಇದೆಲ್ಲ ನಮಗೆ ಹೊರಗಡೆ ಯಾರೂ ಹೇಳಿಕೊಡಲ್ಲ.


ಚಳ್ಳಕೆರೆ_ಡ್ಯೂಟಿಡಾಕ್ಟ್ರು

ತಮ್ಮ, ನಿನ್ನ ಮಾತು ಒಪ್ತೀನಿ. ನಾನು ಎರಡು ಸಲ ಫೇಲ್ ಆಗಿದ್ದು ಇದೇ ಕಾರಣಕ್ಕೆ, ಓದಿದ್ದು ಸಾಕಾಗ್ಲಿಲ್ಲ. ಪಾಸ್ ಆದ ಮೂರನೇ ಸಲ ನಾನು ಮಾಡಿದ್ದು ಏನಂದ್ರೆ ಪ್ರತಿ ಪ್ರಶ್ನೆಗೂ ಒಬ್ಬ ರೋಗೀನ ನೆನಪು ಮಾಡ್ಕಂಡು ಓದಿದ್ದು, ನೆನಪಿಗೆ ಬರೋ ರೋಗಿ ಇಲ್ಲದ ಕಡೆ ನಂಗೆ ಮರೆತು ಹೋಗ್ತಿತ್ತು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಓದು, ನೀನು ಹೇಳಿದಂಗೇ ಆಗ್ಲಿ. ಪಿಎಸ್‌ಎಂ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ.


ಸಿಸ್ಟರ್_ಹದಡಿರೋಡ್

ನಾನು ದಾವಣಗೆರೇಲಿ ಸ್ಟಾಫ್ ನರ್ಸ್, 19 ವರ್ಷ ಆಯ್ತು ಸರ್ವಿಸು. ಹೊರದೇಶದಾಗೆ ಓದಿ ಬಂದ ಮಕ್ಕಳನ್ನೂ ನೋಡೀನಿ, ಇಲ್ಲೇ ಓದಿದ ಮಕ್ಕಳನ್ನೂ ನೋಡೀನಿ. ಮೊದಲ ತಿಂಗಳು ಹೊರಗಡೆಯಿಂದ ಬಂದೋರ ಕೈ ನಡುಗ್ತೈತೆ, ಡ್ರಿಪ್ ಕೊಡೋ ಇಂಟ್ರಾಕ್ಯಾತ್ ಸೂಜಿ ಹಾಕೋಕೆ ನರ ಸಿಗಲ್ಲ, ನಿಜ. ಮೂರನೇ ತಿಂಗಳಿಗೆ ಯಾರು ಎಲ್ಲಿ ಓದಿದ್ದು ಅಂತ ನಮಗೆ ಮರ್ತೇ ಹೋಗಿರ್ತೈತೆ. ಆಗ ಕಾಣೋದು ಒಂದೇ, ರೋಗಿ ಹತ್ರ ನಿಂತ್ಕಂತಾರಾ ಇಲ್ಲಾ ಕೇಸ್‌ಶೀಟ್ ಹತ್ರ ನಿಂತ್ಕಂತಾರಾ.

ಭಾಷೆ ಬರಲ್ಲ ಅಂತ ಅಳ್ತೀಯಲ್ಲ ಮಗಳೇ, ಒಂದು ಹೇಳ್ತೀನಿ. ಬೆಂಗಳೂರಿನ ಹುಡುಗ ಒಬ್ಬ ಇಂಟರ್ನ್ ಇದ್ದ, ಕನ್ನಡಾನೇ ಮನೆ ಮಾತು, ಓದಿನಾಗೆ ಜೋರು. ಜಗಳೂರು ಕಡೆ ಹೆಣ್ಮಗಳು ಒಬ್ರು ಬಂದು "ಸುಸ್ತು ಸಂಕ್ಟ ಆಗ್ತೈತ್ರಿ" ಅಂದ್ರು. ಆ ಹುಡುಗ ಭಾಳ ಒಳ್ಳೇ ಮನಸ್ಸಿನವ್ನು, ಕುರ್ಚಿ ಎಳ್ಕಂಡು ಕೂತು ಮನೇಲಿ ಏನ್ ಬೇಜಾರಾಗಿದೆ ಅಮ್ಮ ಅಂತ ಕೇಳ್ತಾ ಕೂತ. ಸಂಕಟ ಅಂದ್ರೆ ಅವನ ಪುಸ್ತಕದ ಕನ್ನಡದಾಗೆ ದುಃಖ. ನಮ್ಮ ಕಡೆ ಸಂಕ್ಟ ಅಂದ್ರೆ ಎದೆ ಹೊಟ್ಟೆ ನಡುವೆ ತೊಳಸಿದಂಗೆ ಆಗೋದು, ವಾಂತಿ ಬಂದಂಗೆ ಆಗೋದು. ನಾನು ಹಣೆ ಮುಟ್ಟಿ ನೋಡಿದೆ, ತಣ್ಣಗೆ ಬೆವರು ಕೂತಿತ್ತು. ಮೊದ್ಲು ಇಸಿಜಿ ತಗಳಪ್ಪ ಅಂದೆ. ಹಾರ್ಟ್ ಅಟ್ಯಾಕು. ಆಯಮ್ಮ ಎದೆನೋವು ಅಂತ ಒಂದು ಮಾತೂ ಅಂದಿರ್ಲಿಲ್ಲ. ಆ ಹುಡುಗ ಆಮೇಲೆ ನನ್ನ ಹತ್ರ ಬಂದು ಒಂದು ಹಾಳೆ ಕೊಟ್ಟು, ಸಿಸ್ಟರ್ ನಿಮ್ಮ ಕಡೆ ಏನೇನ್ ಹಿಂಗೆ ಅಂತಾರೆ ಬರ್ಕೊಡಿ ಅಂದ. ಕಣ್ಣಿಗೆ ಕತ್ಲೆ ಬತ್ತೈತೆ, ಹೊಟ್ಟೆ ಮುರೀತೈತೆ, ಕೈ ಜುಮುಜುಮು ಅಂತೈತೆ, ಮೈಯೆಲ್ಲಾ ಸೆಳೀತೈತೆ, ಎಲ್ಲಾ ಬರ್ಕೊಟ್ಟೆ. ಇನ್ನ ತಾಂಡಾದೋರು ಲಂಬಾಣಿ ಮಾತಾಡ್ತಾರೆ, ಆಂಧ್ರ ಗಡಿ ಕಡೆಯೋರು ತೆಲುಗು, ನಮ್ಮ ಮುಸಲ್ಮಾನ್ ಅಕ್ಕಂದ್ರು ಉರ್ದು. ಯಾವ ಕಾಲೇಜಿನಾಗೂ ಇದನ್ನೆಲ್ಲ ಕಲ್ಸಿ ಕಳ್ಸಲ್ಲ. ನಿನಗೆ ಆಗಿದ್ದು ಬಿಶ್ಕೆಕ್‌ನಾಗೆ ಮಾತ್ರ ಆಗೋದಲ್ಲ.

ಈಗ ಬರೋ ದಾರಿ ಹೇಳ್ತೀನಿ. ಸುಮ್ನೆ ಪರಿಚಯದವ್ರು ಅಂತ ಒಳಗೆ ಬರೋಕಾಗಲ್ಲ, ಬರಬಾರ್ದು ಕೂಡ, ರೋಗಿಗಳ ವಿಷಯ ಅದು. ನಿನ್ನ ಕಾಲೇಜಿನ ಐಡಿ, ಓದ್ತಿರೋ ಬಗ್ಗೆ ಒಂದು ಪತ್ರ, ಆಧಾರ್ ಇಟ್ಕಂಡು ಒಂದು ಅರ್ಜಿ ಬರಿ. ಸರ್ಕಾರಿ ಜಿಲ್ಲಾ ಆಸ್ಪತ್ರೆ ಆದ್ರೆ ಜಿಲ್ಲಾ ಶಸ್ತ್ರಚಿಕಿತ್ಸಕರ ಹೆಸರಿಗೆ, ಪ್ರೈವೇಟ್ ಆದ್ರೆ ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ. ನೋಡ್ಕಂಡು ಕಲಿಯೋಕೆ ಮಾತ್ರ, ರೋಗಿಗೆ ಏನೂ ಮಾಡಲ್ಲ ಅಂತ ಬರಿ. ಒಂದು ಕಡೆ ಇಲ್ಲ ಅಂದ್ರೆ ಇನ್ನೊಂದು ಕಡೆ ಕೇಳು, ಬೇಜಾರ್ ಮಾಡ್ಕಬೇಡ. ಮುಂಗಾರು ಹಿಡಿದೈತೆ, ಹೊಲದ ಕೆಲಸ ಜೋರು, ಹಾವು ಕಡ್ದೋರು ಬರೋ ಕಾಲ ಇದು. ಗಾಜಿನ ಒಣ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸ್ದೆ ಇಟ್ಟು, ಆಮೇಲೆ ಓರೆ ಮಾಡಿ ನೋಡ್ತೀವಿ, ಹೆಪ್ಪಾಗದೆ ನೀರಾಗಿ ಹರಿದ್ರೆ ಕೊಳಕುಮಂಡಲದಂಥ ರಕ್ತದ ವಿಷ ಅಂತ ಗೊತ್ತಾಗ್ತೈತೆ, ಆಗ ಎಎಸ್‌ವಿ, ಅಂದ್ರೆ ಹಾವಿನ ವಿಷ ಇಳಿಸೋ ಔಷಧಿ, ಹಾಕ್ತೀವಿ. ನಾಗರ, ಕಟ್ಟುಹಾವು ಆದ್ರೆ ರಕ್ತ ಹೆಪ್ಪಾಗ್ತೈತೆ, ರೆಪ್ಪೆ ಜೋತು ಬೀಳ್ತಾವೆ, ಉಸಿರು ಕಮ್ಮಿ ಆಗ್ತೈತೆ. ಆ 20 ನಿಮಿಷ ರೋಗಿ ಮನೆಯವ್ರು ಹೊರಗೆ ನಿಂತು ಯಾಕೆ ಇನ್ನೂ ಔಷಧಿ ಹಾಕಿಲ್ಲ ಅಂತ ಕೂಗಾಡ್ತಿರ್ತಾರೆ, ಅವರಿಗೆ ಸಮಾಧಾನ ಹೇಳೋದು ಹೆಂಗೆ ಅಂತಾನೂ ನೋಡ್ಬೇಕು ನೀನು.


ಹೊಳಲ್ಕೆರೆ_ತಂದೆ

ಎಲ್ಲಾ ಓದಿದೆ. ನನ್ನ ಮಗ ಈ ವರ್ಷ ನೀಟ್ ಬರೆದಿದಾನೆ, ನಮ್ಮ ಮನೇಲೂ ಇದೇ ಮಾತು ನಡೀತಿದೆ, ಅದಕ್ಕೆ ಕೇಳ್ತೀನಿ. ನನ್ನ ಹೆಂಡತಿ ಬೇಡವೇ ಬೇಡ ಅಂತಾಳೆ. 2022ರ ಮಾರ್ಚ್ 1ನೇ ತಾರೀಕು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆ ಚಳಗೇರಿಯ ಹುಡುಗ ಊಟದ ಸಾಮಾನು ತರೋಕೆ ಹೋಗಿ ದಾಳಿಲಿ ಜೀವ ಬಿಟ್ಟ, ನಾಲ್ಕನೇ ವರ್ಷದ ಮೆಡಿಕಲ್. ಇಪ್ಪತ್ತು ದಿನ ಆದ್ಮೇಲೆ ದೇಹ ಊರಿಗೆ ಬಂತು, ಪೂಜೆ ಮಾಡಿ ದಾವಣಗೆರೆ ಎಸ್.ಎಸ್. ಮೆಡಿಕಲ್ ಕಾಲೇಜಿಗೆ ಮಕ್ಕಳು ಓದಲಿ ಅಂತ ದಾನ ಕೊಟ್ರು. ಟಿವಿಲಿ ಅದನ್ನ ನೋಡ್ದಾಗಿಂದ ಅವಳಿಗೆ ವಿದೇಶ ಅಂದ್ರೆ ಅದೇ ಕಣ್ಣ ಮುಂದೆ ಬರುತ್ತೆ. 2024ರ ಮೇ ತಿಂಗಳಲ್ಲಿ ಬಿಶ್ಕೆಕ್‌ನಲ್ಲೇ ಹಾಸ್ಟೆಲ್‌ಗಳ ಮೇಲೆ ಗಲಾಟೆ ಆಯ್ತಲ್ಲ, ಆವಾಗ ಈಯಮ್ಮ ಅಲ್ಲೇ ಇದ್ರು ಅನ್ಸುತ್ತೆ. ಏಜೆಂಟು ಮಾತ್ರ ಫೋಟೋ ತೋರಿಸಿ ಎಲ್ಲಾ ಇಂಗ್ಲಿಷ್‌ನಲ್ಲೇ ಸಾರ್ ಅಂತಾನೆ. ರೋಗಿ ಹೇಳಿದ್ದು ಅರ್ಥ ಆಗಲ್ಲ ಅನ್ನೋದನ್ನ ಈ ಮಗು ಬರೆದ ಮೇಲೇ ನನಗೆ ಗೊತ್ತಾಗಿದ್ದು. ಕಳಿಸ್ಲಾ ಬೇಡ್ವಾ ಅಮ್ಮ, ನಿನ್ನ ಅಪ್ಪನ ಜಾಗದಲ್ಲಿ ನಾನಿದೀನಿ ಅಂದ್ಕೊಂಡು ಹೇಳು.


ವಿನೋಬನಗರ_ಹುಡುಗಿ

ಅಂಕಲ್, ಆ ರಾತ್ರಿ ನಾನು ಹಾಸ್ಟೆಲ್‌ನಲ್ಲೇ ಇದ್ದೆ. ನಮ್ಮ ಬಿಲ್ಡಿಂಗ್‌ಗೆ ಯಾರೂ ಬರಲಿಲ್ಲ, ಲೈಟ್ ಆರಿಸಿ ಬಾಗಿಲಿಗೆ ಮಂಚ ಒತ್ತಿಟ್ಟು ಆರು ಜನ ಒಂದೇ ರೂಮಲ್ಲಿ ಕೂತಿದ್ವಿ, ಅಮ್ಮನ ಫೋನ್ ಬೆಳಗಿನವರೆಗೂ ಕಟ್ ಮಾಡ್ಲಿಲ್ಲ, ಅಲ್ಲಿಗೂ ಇಲ್ಲಿಗೂ ಅರ್ಧ ಗಂಟೆ ಅಷ್ಟೇ ವ್ಯತ್ಯಾಸ ಹಾಗಾಗಿ ಅವರಿಗೂ ಅದೇ ನಡುರಾತ್ರಿ. ಮಾರನೇ ದಿನದಿಂದ ಕ್ಲಾಸ್ ಆನ್‌ಲೈನ್ ಆಯ್ತು. ಕೆಳಗಡೆ ಅಂಗಡಿ ಅಪಾ ಬಾಗಿಲ ಹತ್ರ ರೊಟ್ಟಿ ಇಟ್ಟು ಹೋಗಿದ್ರು, ದುಡ್ಡು ತಗೊಳ್ಳಿಲ್ಲ. ಎರಡೂ ಅದೇ ಊರು. ಕಳಿಸಿ ಅಂತಾನೂ ಬೇಡ ಅಂತಾನೂ ನಾನು ಹೇಳೋಕಾಗಲ್ಲ ಅಂಕಲ್, ಆದ್ರೆ ಕಳಿಸೋದಾದ್ರೆ ಏಜೆಂಟ್ ಹೇಳಿದ್ದು ನಂಬದೆ ಅದೇ ಕಾಲೇಜಿನ ನಾಲ್ಕನೇ ಐದನೇ ವರ್ಷದವರ ನಂಬರ್ ಇಸ್ಕೊಂಡು ವಾರ್ಡಲ್ಲಿ ಏನ್ ನಡಿಯುತ್ತೆ ಅಂತ ಕೇಳಿ, ಇಂಟರ್ನ್‌ಶಿಪ್ ಅಲ್ಲೇ ಕೊಡ್ತಾರಾ ಕೇಳಿ, ಮತ್ತೆ ನಿಮ್ಮ ಮಗನಿಗೆ ಹೋಗೋಕೆ ಮುಂಚೆನೇ ಭಾಷೆ ಕಲಿಯೋಕೆ ಹೇಳಿ, ಪರೀಕ್ಷೆಗೆ ಅಲ್ಲ, ಮಾತಾಡೋಕೆ.

ಡಾಕ್ಟ್ರಣ್ಣ, ನಿಮ್ಮದನ್ನ ಅಪ್ಪನಿಗೆ ಓದಿ ಹೇಳ್ದೆ. ಅಜ್ಜಿ ವಿಷಯಾನೂ ಇವತ್ತೇ ಹೇಳಿದ್ದು. ಅಪ್ಪ ಏನೂ ಅನ್ನಲಿಲ್ಲ, ಒಳಗೆ ಹೋಗಿ ಅಂಗಡಿಯ ಒಂದು ಹೊಸ ಲೆಕ್ಕದ ಪುಸ್ತಕ ತಂದು ಕೊಟ್ರು, ಕೆಂಪು ಬಟ್ಟೆ ರಟ್ಟಿಂದು, ಅದ್ರಲ್ಲಿ ಮೊದಲೇ ಗೆರೆ ಹಾಕಿ ಮೂರು ಅಂಕಣ ಇದಾವೆ. ಮೊದಲ ಸಾಲು ನಗಾ ಅಂತ ಬರ್ದೆ.

ಸಿಸ್ಟರ್, ಅರ್ಜಿ ಬರೆದು ಇವತ್ತು ಮಧ್ಯಾಹ್ನ ಕೊಟ್ಟು ಬಂದೆ, ಸೋಮವಾರ ಬಂದು ನೋಡು ಅಂದಿದಾರೆ. ಒಪ್ಪಿಗೆ ಸಿಕ್ಕಿದ್ರೆ ಬರೋವಾಗ ಏನೇನ್ ತರಬೇಕು? ಅಲ್ಲಿಯ ಬಿಳಿ ಕೋಟು ಟೋಪಿ ಇದೆ, ಅದು ನಡಿಯುತ್ತಾ?


ಸಿಸ್ಟರ್_ಹದಡಿರೋಡ್

ಕೋಟು ನಡೀತೈತೆ, ಟೋಪಿ ಬೇಡ, ಇಲ್ಲಿ ಸೆಕೆಗೆ ತಲೆ ಬೆಂದು ಹೋಗ್ತೈತೆ. ಕೂದಲು ಮೇಲಕ್ಕೆ ಕಟ್ಕಂಡು ಬಾ, ಉಗುರು ತಗಿ, ಬಳೆ ಉಂಗುರ ಬಿಚ್ಚಿಟ್ಟು ಬಾ, ಕಾಲಿಗೆ ಮುಚ್ಚಿದ ಚಪ್ಪಲಿ. ಫೋನು ಬ್ಯಾಗಿನಾಗೆ ಇರ್ಲಿ, ರೋಗಿ ಫೋಟೋ ಒಂದೂ ತೆಗೀಬಾರ್ದು. ಡಬ್ಬಿ ತಗಂಡು ಬಾ, ನಾವು ನಾಲ್ಕು ಜನ ಸಿಸ್ಟರ್ಸ್ ಒಟ್ಟಿಗೆ ಊಟಕ್ಕೆ ಕೂರ್ತೀವಿ, ಎರಡು ಗಂಟೆ ಆಗ್ತೈತೆ ಒಂದೊಂದು ದಿನ ಮೂರು. ಆ ಕೆಂಪು ಪುಸ್ತಕಾನೂ ತಗಂಡು ಬಾ.